ಕಿವಿಯೊಳಗಿನ ಶಲ್ಯ: ಕಾಕ್ಲಿಯರ್ ಇಂಪ್ಲಾಂಟನ್ನು ದೇಹವು ಒಪ್ಪುತ್ತದೆಯೇ?

ಕಳೆದ ತಿಂಗಳು ಶ್ರೀಮಠದಲ್ಲಿ ಶಿವಾನುಭವ ಮುಗಿದು, ಭಕ್ತರು ಪ್ರಸಾದಕ್ಕೆ ಕುಳಿತಿದ್ದ ಹೊತ್ತು. ಶಿರಹಟ್ಟಿ ತಾಲೂಕಿನ ಹಳ್ಳಿಯೊಂದರಿಂದ ಬಂದಿದ್ದ ತಾಯಿಯೊಬ್ಬರು ಮೂರು ವರ್ಷ ದಾಟಿದ ತಮ್ಮ ಮಗಳನ್ನು ನಮ್ಮ ಮುಂದೆ ನಿಲ್ಲಿಸಿದರು. ಮಗುವಿನ ಬಲಗಿವಿಯ ಹಿಂದೆ ಒಂದು ಪುಟ್ಟ ಯಂತ್ರ, ಅದರಿಂದ ಹೊರಟ ತಂತಿಯ ತುದಿಯಲ್ಲಿ ತಲೆಗೆ ಅಂಟಿಕೊಂಡ ಒಂದು ದುಂಡನೆಯ ಬಿಲ್ಲೆ. ಆ ತಾಯಿ ಕೇಳಿದ್ದು ಇಷ್ಟು: “ಡಾಕ್ಟ್ರ, ತಲಿಯೊಳಗ ಮಶಿನ್ ಕೂಡ್ರಿಸಿ ಒಂದೂವರಿ ವರ್ಷ ಆತ್ರಿ. ಈಗ ‘ಅವ್ವಾ’ ಅಂತ ಕರೀತಾಳ. ಆದ್ರ ಮಂದಿ ಅಂತಾರ, ಮೈ ತನ್ನದಲ್ಲದ್ದನ್ನ ಇಟ್ಕೊಳ್ಳೂದಿಲ್ಲ, ಒಂದಿನ ಹೊರಗ ಹಾಕ್ತೈತಿ ಅಂತ. ಖರೇ ಏನ್ರಿ?”

ಅಲ್ಲಿ ಎರಡು ಮಾತಿನಲ್ಲಿ ಸಮಾಧಾನ ಹೇಳಿ ಕಳಿಸಿದೆವು. ಮನೆಗೆ ಬಂದ ಮೇಲೆ ಅದು ಎರಡು ಮಾತಿಗೆ ಮುಗಿಯುವ ಪ್ರಶ್ನೆಯಲ್ಲವೆನಿಸಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಕುಟುಂಬಗಳಲ್ಲಿ ಈ ಸಾಧನ ಧರಿಸಿದ ಮಕ್ಕಳು ಈಚೆಗೆ ಆಗೀಗ ಕಾಣಸಿಗುತ್ತಾರೆ. ಶಸ್ತ್ರಕ್ರಿಯೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ತಂದೆತಾಯಿಗಳು ಶಸ್ತ್ರವೈದ್ಯರಿಗೆ ಕೇಳಿರುತ್ತಾರೆ. ಎಣ್ಣೆ, ಪಥ್ಯ, ಜವಳ, ಶಕ್ತಿಯ ಔಷಧ, ಇವುಗಳನ್ನು ಮಾತ್ರ ನಮ್ಮಂತಹ ಆಯುರ್ವೇದದವರಲ್ಲಿಗೆ ತರುತ್ತಾರೆ. ನಾವು ಕೊಡುವ ಉತ್ತರವು ಒಳಗಿರುವ ಸಾಧನಕ್ಕೂ ಮಗುವಿನ ಪ್ರಾಣಕ್ಕೂ ಸಂಬಂಧಿಸಿದ್ದಾದುದರಿಂದ ಈ ಸಂಚಿಕೆಯಲ್ಲಿ ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಸಾಧನದ ಪರಿಚಯ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ಒಂದು ಎಲುಬಿನ ನಾಳವಿದೆ. ಇದೇ ಕಾಕ್ಲಿಯಾ. ಬಿಚ್ಚಿ ಉದ್ದ ಮಾಡಿದರೆ ೩೫ ಮಿಲಿಮೀಟರಿನಷ್ಟಾಗುವ ಈ ನಾಳದೊಳಗೆ ಸಾವಿರಾರು ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಶಬ್ದದ ಅಲೆ ಬಂದಾಗ ಇವು ಬಾಗಿ, ಆ ಚಲನೆಯನ್ನು ವಿದ್ಯುತ್ ಸಂಕೇತವಾಗಿಸಿ ಶ್ರವಣನರಕ್ಕೆ ಒಪ್ಪಿಸುತ್ತವೆ. ಹುಟ್ಟುಗಿವುಡು ಮಕ್ಕಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಈ ರೋಮಕೋಶಗಳೇ. ಹಿಂದಿನ ನರ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಈ ರೋಮಕೋಶಗಳನ್ನು ದಾಟಿ ನೇರವಾಗಿ ನರವನ್ನೇ ಮಾತನಾಡಿಸುತ್ತದೆ. ಹೊರಗಿನ ಯಂತ್ರ ಶಬ್ದವನ್ನು ಹಿಡಿದು ಬಿಲ್ಲೆಯ ಮೂಲಕ ಚರ್ಮದಾಚೆಗೆ ದಾಟಿಸುತ್ತದೆ; ಚರ್ಮದ ಕೆಳಗೆ ಕೂರಿಸಿದ ಭಾಗ ಅದನ್ನು ಪಡೆದು, ಕಾಕ್ಲಿಯಾದೊಳಗೆ ತೂರಿಸಿದ ಸಿಲಿಕೋನಿನ ಎಳೆಗೆ ಕಳಿಸುತ್ತದೆ; ಆ ಎಳೆಯ ಮೇಲಿರುವ ೧೨ರಿಂದ ೨೨ ಪ್ಲಾಟಿನಂ ಬಿಂದುಗಳು ನರವನ್ನು ಮಿಡಿಯುತ್ತವೆ. ೧೯೫೭ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಐರಿಯೆಸ್ ಎಂಬಿಬ್ಬರು ಕಿವುಡ ವ್ಯಕ್ತಿಯ ಶ್ರವಣನರಕ್ಕೆ ವಿದ್ಯುತ್ ಹರಿಸಿ ನೋಡಿದ್ದು ಇದಕ್ಕೆ ಮೊದಲ ಹೆಜ್ಜೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ೧೯೭೮ರಲ್ಲಿ ಅನೇಕ ಬಿಂದುಗಳುಳ್ಳ ಸಾಧನವನ್ನು ಕೂರಿಸಿದ ಮೇಲೆ ಮಾತು ತಿಳಿಯುವಷ್ಟು ಕೇಳಿಸುವ ದಾರಿ ತೆರೆಯಿತು.

ಈಗ ತಾಯಿಯ ಪ್ರಶ್ನೆಗೆ ಬರೋಣ. ಮಂದಿಯ ಮಾತಿಗೆ ಮೂಲ ಕಿಡ್ನಿ ಕಸಿ. ಕಿಡ್ನಿ ಹಾಕಿಸಿಕೊಂಡವರು ಬದುಕಿರುವವರೆಗೆ ಗುಳಿಗೆ ನುಂಗಬೇಕೆಂಬುದನ್ನು ಎಲ್ಲರೂ ಕೇಳಿದ್ದಾರೆ. ಇದೂ ಹಾಗೆಯೇ ಎಂದು ಊಹಿಸುತ್ತಾರೆ. ಹಾಗಲ್ಲ. ಕಿಡ್ನಿ ಇನ್ನೊಬ್ಬರ ಜೀವಂತ ಅಂಗ. ಅದರ ಪ್ರತಿಯೊಂದು ಜೀವಕೋಶದ ಮೇಲೂ ಮೂಲ ಒಡೆಯನ ಗುರುತು ಇರುತ್ತದೆ. ನಮ್ಮ ಬಿಳಿ ರಕ್ತಕಣಗಳಲ್ಲಿ ಗುರುತು ಹಿಡಿಯುವುದೇ ಕಸುಬಾದ ಒಂದು ವರ್ಗವಿದ್ದು, ಪರರ ಗುರುತು ಕಂಡೊಡನೆ ಆ ಅಂಗವನ್ನು ನಾಶಮಾಡಲು ಹೊರಡುತ್ತದೆ. ಅದನ್ನು ತಡೆಯಲೆಂದೇ ಜೀವಮಾನದ ಗುಳಿಗೆ. ಇಂಪ್ಲಾಂಟಿನಲ್ಲಿ ಜೀವಕೋಶವೇ ಇಲ್ಲ, ಗುರುತೂ ಇಲ್ಲ. ಆದುದರಿಂದ ಕಿಡ್ನಿಯಂತೆ ತಿರಸ್ಕಾರವೂ ಇಲ್ಲ, ಗುಳಿಗೆಯೂ ಬೇಕಿಲ್ಲ. ಸಿಲಿಕೋನಿಗೆ ನಿಜವಾದ ಅಲರ್ಜಿ ಕಂಡವರಿದ್ದಾರೆ, ಆದರೆ ವೈದ್ಯ ಸಾಹಿತ್ಯದಲ್ಲಿ ಅಂತಹವರ ಸಂಖ್ಯೆ ತೀರ ವಿರಳ. ಇಂಪ್ಲಾಂಟನ್ನು ಮತ್ತೊಮ್ಮೆ ಶಸ್ತ್ರಕ್ರಿಯೆ ಮಾಡಿ ಬದಲಿಸಬೇಕಾದ ಸಂದರ್ಭಗಳಲ್ಲಿ ಹೆಚ್ಚಿನವು ಯಂತ್ರವೇ ಕೆಟ್ಟುದರಿಂದ ಬಂದವೇ ಹೊರತು ದೇಹ ಹೊರದೂಡಿದುದರಿಂದಲ್ಲ.

ಹಾಗಾದರೆ ದೇಹ ಅದನ್ನು ಒಪ್ಪಿಕೊಂಡಿತೇ? ಅದೂ ಇಲ್ಲ. ಇಲ್ಲಿ ನಮ್ಮ ಶಾಸ್ತ್ರದ ಒಂದು ಮಾತು ನೆನಪಾಗುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೨೬ನೆಯ ಅಧ್ಯಾಯ ದೇಹದೊಳಗೆ ಸಿಕ್ಕಿಕೊಂಡ ಶಲ್ಯವನ್ನು ಕುರಿತದ್ದು. ಹೊರಗಿನಿಂದ ಒಳಹೊಕ್ಕು ಬಾಧೆ ಕೊಡುವ ವಸ್ತುವೇ ಶಲ್ಯ. ಮುಳ್ಳಾಗಲಿ, ಬಾಣದ ತುದಿಯಾಗಲಿ. ಶಲ್ಯದ ಸುತ್ತ ಏನಾಗುತ್ತದೆಂಬುದನ್ನು ಹೇಳುತ್ತ ಸುಶ್ರುತನು ಒಂದು ವಿಂಗಡಣೆ ಮಾಡುತ್ತಾನೆ: ಕೊಂಬು, ಹಲ್ಲು, ಕೂದಲು, ಎಲುಬು, ಬಿದಿರು, ಕಟ್ಟಿಗೆ, ಕಲ್ಲು, ಮಣ್ಣಿನ ಚೂರು, ಇವು ದೇಹದಲ್ಲಿ ಕರಗುವುದಿಲ್ಲ, ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ತವರ, ಸೀಸ, ಇವು ಬಹುಕಾಲ ಒಳಗಿದ್ದರೆ ಪಿತ್ತದ ತೇಜಸ್ಸಿನಿಂದ ಮೆಲ್ಲನೆ ಕರಗುತ್ತವೆ. ಒಳಹೊಕ್ಕ ವಸ್ತುವಿನ ಜಾತಿ ನೋಡಿಕೊಂಡು ದೇಹ ಬೇರೆಬೇರೆಯಾಗಿ ವರ್ತಿಸುತ್ತದೆ, ಮತ್ತು ಆ ವರ್ತನೆ ವರ್ಷಗಟ್ಟಲೆ ನಡೆಯುತ್ತದೆ ಎಂಬ ಈ ಗಮನಿಕೆಯನ್ನು ಡಿ.ಜಿ.ಎಂ. ಆಯುರ್ವೇದ ಮಹಾವಿದ್ಯಾಲಯದಲ್ಲಿ ಓದುವಾಗ ಪರೀಕ್ಷೆಗಷ್ಟೇ ಬಾಯಿಪಾಠ ಮಾಡಿದ್ದೆವು. ಇದನ್ನು ಹಿಡಿದು ಇಂಪ್ಲಾಂಟಿನ ವಿಷಯ ಸುಶ್ರುತನಿಗೆ ಮೊದಲೇ ಗೊತ್ತಿತ್ತೆಂದು ಭಾಷಣ ಮಾಡುವವರಿದ್ದಾರೆ. ಅದು ಸುಶ್ರುತನಿಗೂ ಗೌರವವಲ್ಲ. ಆತನು ಕಂಡದ್ದನ್ನು ಕಂಡಂತೆ ಬರೆದನು. ನಾವೂ ಅಷ್ಟೇ ಮಾಡಬೇಕು.

ಈಗ ಕಂಡಿರುವುದೇನೆಂದರೆ: ಎರೆಹೊಲದಲ್ಲಿ ನಡೆದವನ ಕಾಲಿಗೆ ಜಾಲಿಮುಳ್ಳು ಮುರಿದು ಒಳಗುಳಿದಾಗ ಏನು ನಡೆಯುವುದೋ ಅದೇ ಕಾಕ್ಲಿಯಾದಲ್ಲಿಯೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಎಳೆ ಒಳಹೊಕ್ಕ ಕ್ಷಣದಿಂದಲೇ ರಕ್ತ ಮತ್ತು ದ್ರವದೊಳಗಿನ ಪ್ರೋಟೀನುಗಳು ಅದರ ಮೈಗೆ ಮೆತ್ತಿಕೊಳ್ಳುತ್ತವೆ. ಆ ಲೇಪವನ್ನು ಕಂಡು ಮ್ಯಾಕ್ರೊಫೇಜ್ ಎಂಬ ಭಕ್ಷಕಕೋಶಗಳು ಬಂದು ಸೇರುತ್ತವೆ. ಕ್ರಿಮಿಯಾದರೆ ನುಂಗಿಬಿಡುತ್ತಿದ್ದವು, ಇದು ಅವುಗಳಿಗಿಂತ ಸಾವಿರಾರು ಪಾಲು ದೊಡ್ಡದು, ನುಂಗಲಾಗದು. ಕೆಲವು ಕಡೆ ಹಲವು ಕೋಶಗಳು ಒಂದಕ್ಕೊಂದು ಬೆರೆತು ದೈತ್ಯಕೋಶಗಳಾಗಿ ಪ್ರಯತ್ನಿಸುತ್ತವೆ. ಅದೂ ಸಾಧ್ಯವಾಗದಿದ್ದಾಗ ಗಾಯ ಮಾಯಿಸುವ ಕೋಶಗಳನ್ನು ಕರೆತರುತ್ತವೆ. ಬೆಟಗೇರಿಯ ಮಗ್ಗದಲ್ಲಿ ಹಾಸು ಹೊಕ್ಕು ಕೂಡಿದಂತೆ ಅವು ನಾರಿನ ಎಳೆಗಳನ್ನು ಹೆಣೆದು ಆ ವಸ್ತುವಿಗೆ ಒಂದು ಕವಚ ತೊಡಿಸುತ್ತವೆ. ಹೊರದೂಡಲಾರದ್ದನ್ನು ಗೋಡೆ ಕಟ್ಟಿ ಬೇರೆಯಿಡುವುದು ದೇಹದ ನೀತಿ.

ಕಿವಿಯೊಳಗೆ ಹೀಗೆಲ್ಲ ನಡೆಯುವುದಿಲ್ಲವೆಂದು ಒಂದು ಕಾಲಕ್ಕೆ ನಂಬಲಾಗಿತ್ತು. ಮೆದುಳಿನಂತೆ ಒಳಗಿವಿಗೂ ರಕ್ತದಿಂದ ಬೇರ್ಪಡಿಸುವ ಒಂದು ತಡೆಯಿರುವುದರಿಂದ ರೋಗನಿರೋಧಕ ವ್ಯವಸ್ಥೆ ಅಲ್ಲಿ ಕಾಲಿಡುವುದಿಲ್ಲವೆಂದು ತಿಳಿದಿದ್ದರು. ಆ ತಿಳಿವಳಿಕೆ ಬದಲಾಗಿದೆ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಐ ಅಂಡ್ ಇಯರ್ ಆಸ್ಪತ್ರೆಯಲ್ಲಿ ಡಾ. ಜೋಸೆಫ್ ನಾಡೋಲ್ ಮತ್ತು ಸಂಗಡಿಗರು, ಇಂಪ್ಲಾಂಟ್ ಧರಿಸಿ ಬದುಕಿ ತೀರಿಕೊಂಡವರು ದಾನವಾಗಿ ಬಿಟ್ಟುಹೋದ ಕಿವಿಯೆಲುಬುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಬಹುಪಾಲು ಕಿವಿಗಳಲ್ಲಿ ಎಳೆಯ ಸುತ್ತ ನಾರಿನ ಕವಚವಿತ್ತು. ಭಕ್ಷಕಕೋಶಗಳೂ ಇತರ ಬಿಳಿ ರಕ್ತಕಣಗಳೂ ಅಲ್ಲಿದ್ದವು. ಕೆಲವು ಕೋಶಗಳ ಹೊಟ್ಟೆಯಲ್ಲಿ ಪ್ಲಾಟಿನಂ ಲೋಹದ ಅತಿಸೂಕ್ಷ್ಮ ಕಣಗಳು ಕಂಡವು. ಸತ್ತ ಮೇಲೆ ತಮ್ಮ ಕಿವಿಯನ್ನು ಕೊಟ್ಟವರಿಂದ ಬದುಕಿರುವವರ ಕಿವಿಯ ಸ್ಥಿತಿ ತಿಳಿಯಿತು. ಇದೂ ಒಂದು ದಾಸೋಹವೆಂದೇ ನಾವು ಎಣಿಸುತ್ತೇವೆ.

ಈ ಕವಚದಿಂದ ತೊಂದರೆಯಿದೆಯೇ ಎಂದರೆ, ತೆಳ್ಳಗಿದ್ದರೆ ಇಲ್ಲ. ಸಾಧನ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕಿವಿಗಳಲ್ಲಿಯೂ ಅದಿತ್ತು. ದಪ್ಪವಾದರೆ ಎರಡು ಪರಿಣಾಮ. ಒಂದು, ಪ್ಲಾಟಿನಂ ಬಿಂದುವಿನಿಂದ ನರಕ್ಕೆ ಹೋಗುವ ವಿದ್ಯುತ್ತಿಗೆ ಅಡ್ಡಿ ಹೆಚ್ಚಿ, ಯಂತ್ರ ಹೆಚ್ಚು ಶಕ್ತಿ ವ್ಯಯಿಸಬೇಕಾಗುತ್ತದೆ. ಇನ್ನೊಂದು, ಕೆಲವರಲ್ಲಿ ಸ್ವಲ್ಪ ಉಳಿದಿದ್ದ ಸ್ವಂತ ಶ್ರವಣಶಕ್ತಿ ಶಸ್ತ್ರಕ್ರಿಯೆಯಾಗಿ ತಿಂಗಳುಗಳ ಬಳಿಕ ಕುಂದುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ. ಆದುದರಿಂದಲೇ ಶಸ್ತ್ರವೈದ್ಯರು ಎಳೆಯನ್ನು ಬಹು ನಿಧಾನವಾಗಿ, ಮೃದುವಾಗಿ ತೂರಿಸುತ್ತಾರೆ. ಉರಿಯೂತ ತಗ್ಗಿಸುವ ಸ್ಟೀರಾಯ್ಡನ್ನು ಶಸ್ತ್ರಕ್ರಿಯೆಯ ಹೊತ್ತಿಗೆ ಕೊಡುವ ರೂಢಿಯೂ ಇದೆ. ಡೆಕ್ಸಾಮೆಥಾಸೋನನ್ನು ಎಳೆಯ ಸಿಲಿಕೋನಿನಲ್ಲಿಯೇ ಬೆರೆಸಿ ಒಳಗೆ ಮೆಲ್ಲನೆ ಒಸರುವಂತೆ ಮಾಡುವ ಪ್ರಯೋಗಗಳು ಮನುಷ್ಯರಲ್ಲಿಯೂ ನಡೆದಿವೆ.

ಮ್ಯಾಪಿಂಗ್ ಎಂದು ಕರೆಯುವ ಸರಿಪಡಿಸುವಿಕೆಗೆ ಹೋದಾಗ ಶ್ರವಣತಜ್ಞರು ಕಂಪ್ಯೂಟರಿಗೆ ಯಂತ್ರವನ್ನು ಜೋಡಿಸಿ ಈ ಅಡ್ಡಿಯನ್ನೇ ಮೊದಲು ಅಳೆಯುತ್ತಾರೆ. ಶಸ್ತ್ರಕ್ರಿಯೆಯ ನಂತರದ ವಾರಗಳಲ್ಲಿ ಅದು ಏರುತ್ತದೆ, ಯಂತ್ರ ನಡೆಯತೊಡಗಿದ ಮೇಲೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಹೀಗೆ ನಿಂತದ್ದು ವರ್ಷಗಳ ನಂತರ ಒಮ್ಮೆಲೇ ಏರಿದರೆ ಒಳಗೆ ಉರಿಯೂತವಿರಬಹುದೆಂಬ ಸುಳಿವು. ಮಗು ಚೆನ್ನಾಗಿ ಮಾತನಾಡುತ್ತಿದೆಯಲ್ಲ, ಇನ್ನೇಕೆ ಅಷ್ಟು ದೂರ ಬಸ್ಸಿನ ಖರ್ಚು ಎಂದು ತಪಾಸಣೆ ಬಿಡುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಮಗುವಿಗೆ ಹೇಳಲು ಬಾರದ್ದನ್ನು ಆ ಅಳತೆ ಹೇಳುತ್ತದೆ.

ದೇಹ ಕಟ್ಟುವ ಗೋಡೆ ಒಮ್ಮೊಮ್ಮೆ ನಾರಿನದಾಗಿರದೆ ಎಲುಬಿನದೇ ಆಗುವುದುಂಟು. ಇದು ಮುಖ್ಯವಾಗಿ ಕಾಣುವುದು ಮೆದುಳುಜ್ವರದಿಂದ, ಅಂದರೆ ಮೆನಿಂಜೈಟಿಸ್‌ನಿಂದ, ಕಿವುಡಾದವರಲ್ಲಿ. ಸೋಂಕು ಮೆದುಳಿನ ಪೊರೆಯಿಂದ ಕಾಕ್ಲಿಯಾಕ್ಕೆ ಇಳಿದು, ಅಲ್ಲಿ ನಡೆದ ಕಾಳಗದ ಗಾಯ ಮಾಯುವಾಗ ನಾಳವೇ ಎಲುಬಾಗಿ ಮುಚ್ಚತೊಡಗುತ್ತದೆ. ಕೆಲವು ವಾರ, ತಿಂಗಳುಗಳೊಳಗೆ ಎಳೆ ತೂರಿಸಲು ಜಾಗವೇ ಉಳಿಯದಂತಾಗಬಹುದು. ಆದುದರಿಂದ ಮೆದುಳುಜ್ವರದಿಂದ ಎದ್ದ ಯಾವ ಮಗುವನ್ನೂ, ಕೇಳಿಸುವಂತೆ ತೋರಿದರೂ ಸರಿಯೇ, ಕೂಡಲೇ ಕಿವಿಯ ಪರೀಕ್ಷೆಗೆ ಒಯ್ಯಬೇಕು. “ಮೊದಲು ಮೈಯೊಳಗ ಶಕ್ತಿ ಬರಲಿ, ಆಮೇಲೆ ನೋಡೋಣ” ಎನ್ನುವ ನಮ್ಮ ಕಡೆಯ ಮಾತು ಇಲ್ಲಿ ಸಲ್ಲದು.

ನಾವು ನಿಜವಾಗಿ ಹೆದರಬೇಕಾದದ್ದು ದೇಹವು ಇಂಪ್ಲಾಂಟನ್ನು ಹೊರಹಾಕುವುದಕ್ಕಲ್ಲ. ದೇಹದ ಕಾವಲುಗಾರರಿಗೆ ಎಟುಕದ ಒಂದು ಮರೆ ಅಲ್ಲಿ ಸೃಷ್ಟಿಯಾಗುತ್ತದೆ. ಜೀವವಿಲ್ಲದ ವಸ್ತುವಿನ ಮೈಯಲ್ಲಿ ರಕ್ತ ಹರಿಯುವುದಿಲ್ಲ; ರಕ್ತವಿಲ್ಲದಲ್ಲಿ ಬಿಳಿಕಣವೂ ಇಲ್ಲ, ಔಷಧವೂ ಸರಿಯಾಗಿ ತಲುಪುವುದಿಲ್ಲ. ಲಕ್ಕುಂಡಿಯ ಬಾವಿಗಳ ಮೆಟ್ಟಿಲಿಗೆ ಪಾಚಿ ಕಟ್ಟುವಂತೆ ಕ್ರಿಮಿಗಳು ಇಂತಹ ಮೈಯ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಅದರ ಕೆಳಗೆ ಅಡಗುತ್ತವೆ. ಹಾಗಾದಾಗ ಎಷ್ಟು ಆಂಟಿಬಯಾಟಿಕ್ ಕೊಟ್ಟರೂ ಹೋಗದೆ ಕೊನೆಗೆ ಸಾಧನವನ್ನೇ ತೆಗೆಯಬೇಕಾಗಬಹುದು. ಅದಕ್ಕೂ ಮಿಗಿಲಾದ ಅಪಾಯವೊಂದಿದೆ. ನಡುಗಿವಿಯಿಂದ ಒಳಗಿವಿಗೆ ಎಳೆ ಹೋದ ದಾರಿಯಲ್ಲಿಯೇ ಕ್ರಿಮಿಗಳೂ ಹೊಕ್ಕರೆ, ಕಾಕ್ಲಿಯಾದಿಂದ ಮೆದುಳಿನ ಪೊರೆ ದೂರವಿಲ್ಲ.

೨೦೦೨ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ವಿಷಯದಲ್ಲಿ ಎಚ್ಚರಿಕೆ ಹೊರಡಿಸಿತು. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ, ೧೯೯೭ರಿಂದ ೨೦೦೨ರ ನಡುವೆ ಅಲ್ಲಿ ಇಂಪ್ಲಾಂಟ್ ಮಾಡಿಸಿಕೊಂಡ ೪,೨೬೪ ಮಕ್ಕಳ ಪೈಕಿ ೨೬ ಮಕ್ಕಳಿಗೆ ಬ್ಯಾಕ್ಟೀರಿಯಾದ ಮೆದುಳುಜ್ವರ ಬಂದದ್ದು ಕಂಡಿತು. ಸಂಖ್ಯೆ ಚಿಕ್ಕದು, ಆದರೆ ನ್ಯುಮೊಕಾಕಸ್ ಎಂಬ ಕ್ರಿಮಿಯಿಂದ ಬಂದ ಮೆದುಳುಜ್ವರವನ್ನಷ್ಟೇ ಎಣಿಸಿದರೆ, ಅದೇ ವಯಸ್ಸಿನ ಇತರ ಮಕ್ಕಳಿಗಿಂತ ೩೦ ಪಟ್ಟಿಗೂ ಹೆಚ್ಚು. ಎಳೆಯನ್ನು ಒತ್ತಿಹಿಡಿಯಲು ಜೊತೆಗೆ ತೂರಿಸುತ್ತಿದ್ದ ಬೆಣೆಯಂತಹ ಒಂದು ಭಾಗ ಇದ್ದ ಮಾದರಿಯಲ್ಲಿ ಅಪಾಯ ಹೆಚ್ಚೆಂದು ತಿಳಿದು, ಆ ಬೆಣೆಯನ್ನು ೨೦೦೨ರಲ್ಲಿಯೇ ಹಿಂತೆಗೆದುಕೊಂಡರು. ಬೆಣೆಯಿಲ್ಲದ ಸಾಧನಗಳಲ್ಲಿಯೂ ಅಪಾಯ ಪೂರ್ತಿ ಇಲ್ಲವಾಗಲಿಲ್ಲ. ಆಗಿನಿಂದ ಇಂಪ್ಲಾಂಟ್ ಮಾಡಿಸುವ ಪ್ರತಿ ಮಗುವಿಗೂ ನ್ಯುಮೊಕಾಕಲ್ ಲಸಿಕೆ ಆಗಿರಬೇಕೆಂಬ ನಿಯಮ ಬಂತು.

ಲಸಿಕೆಯ ವಿಷಯದಲ್ಲಿ ಸ್ವಲ್ಪ ನಿಂತು ಓದಬೇಕೆಂದು ಕೋರುತ್ತೇವೆ. ಇದರಲ್ಲಿ ಎರಡು ಬಗೆ. ಪಿಸಿವಿ ಎಂಬುದು ಈಗ ಸರ್ಕಾರದ ಲಸಿಕಾ ಪಟ್ಟಿಯಲ್ಲಿಯೇ ಇದೆ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ೯ ತಿಂಗಳು ತುಂಬಿದಾಗ ಉಚಿತವಾಗಿ ಹಾಕುತ್ತಾರೆ. ಆದರೆ ಅದು ದೇಶದ ಎಲ್ಲೆಡೆ ವಿಸ್ತರಿಸಿದ್ದು ೨೦೨೧ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಮಗುವಾಗಿದ್ದರೆ ತಾಯಿ ಕಾರ್ಡನ್ನು ತೆಗೆದು ನೋಡಿ. ಆಗಿರದಿದ್ದರೆ ಮಕ್ಕಳ ವೈದ್ಯರನ್ನು ಕೇಳಿ ಈಗ ಹಾಕಿಸಬೇಕು. ಎರಡನೆಯದು ೨೩ ಉಪಜಾತಿಯ ಕ್ರಿಮಿಗಳ ವಿರುದ್ಧ ಕೆಲಸ ಮಾಡುವ ಪಿಪಿಎಸ್‌ವಿ. ಇದನ್ನು ಎರಡು ವರ್ಷ ತುಂಬಿದ ಮೇಲೆ, ಕೊನೆಯ ಪಿಸಿವಿಯಾಗಿ ಕನಿಷ್ಠ ೮ ವಾರ ಕಳೆದ ಮೇಲೆ ಕೊಡುತ್ತಾರೆ. ಇದು ಸರ್ಕಾರದ ಸಾಮಾನ್ಯ ಪಟ್ಟಿಯಲ್ಲಿಲ್ಲ. ತೊಡಕು ಇರುವುದು ಇಲ್ಲಿಯೇ. ಎರಡು ವರ್ಷದೊಳಗೆ ಶಸ್ತ್ರಕ್ರಿಯೆಯಾದ ಮಗುವಿಗೆ ಎರಡನೆಯ ಲಸಿಕೆ ಆಗ ಕೊಡಲು ಬರುವುದಿಲ್ಲ. ವಯಸ್ಸು ತುಂಬುವ ಹೊತ್ತಿಗೆ ಮನೆಯವರು ಮರೆತಿರುತ್ತಾರೆ. ಶಿವಾನುಭವಕ್ಕೆ ಬಂದಿದ್ದ ತಾಯಿಯನ್ನು ನಾವು ಮೊದಲು ಕೇಳಿದ್ದೇ ಇದನ್ನು. ಮಗುವಿಗೆ ಒಂದು ವರ್ಷ ಎಂಟು ತಿಂಗಳಾಗಿದ್ದಾಗ ಶಸ್ತ್ರಕ್ರಿಯೆ; ಎರಡನೆಯ ಲಸಿಕೆಯ ಮಾತು ಕಾಗದದಲ್ಲಿ ಬರೆದಿತ್ತು, ಕಾಗದ ಟ್ರಂಕಿನಲ್ಲಿತ್ತು.

ಮೂರು ವರ್ಷದ ಹಿಂದಿನ ಮಾತು. ಮುಂಡರಗಿ ಕಡೆಯ ಹುಡುಗನೊಬ್ಬ, ಇಂಪ್ಲಾಂಟ್ ಆಗಿ ಎರಡು ವರ್ಷವಾಗಿತ್ತು. ನೆಗಡಿಯಾಗಿ ಕಿವಿನೋವೆಂದು ಅತ್ತ. ಅಜ್ಜಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟಳು; ತನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಮಾಡಿದ್ದನ್ನೇ ಮಾಡಿದಳು. ರಾತ್ರಿ ನೋವು ಕಡಿಮೆಯಾದಂತೆ ಕಂಡಿತು. ಮರುದಿನ ಜ್ವರ ಏರಿತು, ವಾಂತಿಯಾಯಿತು. ಮೂರನೆಯ ದಿನ ನಮ್ಮಲ್ಲಿಗೆ ತಂದಾಗ ಹುಡುಗ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಗದ್ದವನ್ನು ಎದೆಗೆ ಮುಟ್ಟಿಸಲು ಆಗುತ್ತಿರಲಿಲ್ಲ. ನಾವು ನಾಡಿ ನೋಡುತ್ತ ಕೂರಲಿಲ್ಲ. ೧೦೮ಕ್ಕೆ ಕರೆ ಮಾಡಿ ಕಳಿಸಿದೆವು. ಬ್ಯಾಕ್ಟೀರಿಯಾದ ಮೆದುಳುಜ್ವರವೆಂದು ಖಚಿತವಾಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ, ಸಾಧನವೂ ಉಳಿಯಿತು. ಎಣ್ಣೆಯಿಂದಲೇ ರೋಗ ಬಂತೆಂದು ನಾವು ಹೇಳುತ್ತಿಲ್ಲ, ಆ ಅಜ್ಜಿಯ ಮನಸ್ಸು ನೋಯಿಸುವುದೂ ಬೇಡ. ಆದರೆ ಎಣ್ಣೆಯ ಭರವಸೆಯಲ್ಲಿ ಎರಡು ದಿನ ಕಳೆದುಹೋದವು. ಈ ರೋಗದಲ್ಲಿ ಎರಡು ದಿನವೆಂದರೆ ಬಹಳ.

ಆದುದರಿಂದ ಇಂಪ್ಲಾಂಟ್ ಇರುವ ಮಗುವಿಗೆ ಕಿವಿನೋವು, ಕಿವಿ ಸೋರುವಿಕೆ, ಜ್ವರದೊಡನೆ ವಾಂತಿ, ಕತ್ತು ಬಿಗಿತ, ಅತಿಯಾದ ತೂಕಡಿಕೆ, ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ಆಸ್ಪತ್ರೆ. ನಮ್ಮ ಚಿಕಿತ್ಸಾಲಯವಲ್ಲ, ಆಸ್ಪತ್ರೆ. ಕರ್ಣಪೂರಣ ನಮ್ಮ ಶಾಸ್ತ್ರದಲ್ಲಿ ಇದ್ದೇ ಇದೆ, ತಕ್ಕವರಿಗೆ ನಾವೂ ಮಾಡುತ್ತೇವೆ. ಇಂಪ್ಲಾಂಟ್ ಇರುವ ಕಿವಿಗೆ ಮಾತ್ರ, ಮನೆಯ ಎಣ್ಣೆಯಾಗಲಿ ನಮ್ಮ ತೈಲವಾಗಲಿ, ಒಂದು ಹನಿಯೂ ಬೇಡ.

ಇನ್ನು ಮನೆಯ ಆಚರಣೆಗಳು. ಶಸ್ತ್ರಕ್ರಿಯೆಯ ಗಾಯ ಬೇಗ ಮಾಯಲೆಂದು ಅದಕ್ಕೆ ವಿಭೂತಿ ಹಚ್ಚಿಕೊಂಡು ಬಂದ ಮಗುವನ್ನು ನಾವು ನೋಡಿದ್ದೇವೆ. ವಿಭೂತಿಯ ಸ್ಥಾನ ಹಣೆ; ಹೊಲಿಗೆಯ ಗಾಯಕ್ಕೆ ಶಸ್ತ್ರವೈದ್ಯರು ಹೇಳಿದ್ದನ್ನು ಬಿಟ್ಟು ಇನ್ನೇನೂ ಸೋಕಬಾರದು. ಜವಳ ತೆಗೆಸುವುದಿದ್ದರೆ ಶಸ್ತ್ರಕ್ರಿಯೆಗೆ ಮೊದಲೇ ತೆಗೆಸಿಕೊಳ್ಳಿ. ಆಮೇಲೆ ತೆಗೆಸುವುದಾದರೆ ಶಸ್ತ್ರವೈದ್ಯರನ್ನು ಕೇಳಿ, ಕಿವಿಯ ಹಿಂದೆ ಬ್ಲೇಡು ತಾಕಿಸದೆ ಕತ್ತರಿಯಿಂದಷ್ಟೇ ಕತ್ತರಿಸಿ. ತೆಳುವಾದ ಆ ಚರ್ಮದ ಮೇಲಿನ ಸಣ್ಣ ಗೀರೂ ಕ್ರಿಮಿಗೆ ಬಾಗಿಲು. ತಲೆಗೆ ಎಣ್ಣೆ ತಿಕ್ಕುವಾಗ ಆ ಜಾಗವನ್ನು ಬಿಟ್ಟು ತಿಕ್ಕಿ. ಬಿಲ್ಲೆ ಕೂರುವಲ್ಲಿ ಚರ್ಮ ಕೆಂಪಾಗಿದ್ದರೆ, ಒತ್ತಿದರೆ ಮಗು ಅತ್ತರೆ, ಬಿಲ್ಲೆಯ ಆಯಸ್ಕಾಂತ ಬಿಗಿಯಾಯಿತೆಂದು ತಿಳಿದು ಶ್ರವಣತಜ್ಞರಿಗೆ ತೋರಿಸಿ. ಬೇರೆ ಯಾವ ಕಾಯಿಲೆಗೇ ಆಗಲಿ ಎಂ.ಆರ್.ಐ. ಮಾಡಿಸಲು ಹೇಳಿದರೆ ಇಂಪ್ಲಾಂಟ್ ಇರುವುದನ್ನು ಮೊದಲು ತಿಳಿಸಿ.

“ರೋಗನಿರೋಧಕ ಶಕ್ತಿ ಹೆಚ್ಚಿಸಾಕ ಏನರ ಕೊಡ್ರಿ” ಎಂದು ಕೇಳದ ತಂದೆತಾಯಿಗಳೇ ಇಲ್ಲ. ಮೇಲೆ ಹೇಳಿದ್ದನ್ನು ಓದಿದವರಿಗೆ ಈ ಮಾತಿನ ತೊಡಕು ತಿಳಿದಿರಬೇಕು. ಎಳೆಯ ಸುತ್ತ ಗೋಡೆ ಕಟ್ಟುವುದೂ ರೋಗನಿರೋಧಕ ಶಕ್ತಿಯೇ, ಕ್ರಿಮಿಯನ್ನು ಕೊಲ್ಲುವುದೂ ಅದೇ. ಮೊದಲನೆಯದು ಹೆಚ್ಚಬಾರದು, ಎರಡನೆಯದು ಹೆಚ್ಚಬೇಕು. ಯಾವ ಚೂರ್ಣವೂ ಯಾವ ಲೇಹವೂ ಹೀಗೆ ಆರಿಸಿಕೊಂಡು ಕೆಲಸ ಮಾಡುತ್ತದೆಂದು ನಮಗೆ ಕಂಡಿಲ್ಲ. ಗೊತ್ತುಮಾಡಿದ ಒಂದು ಕ್ರಿಮಿಯನ್ನು ತೋರಿಸಿ, ಇದನ್ನು ನೆನಪಿಟ್ಟುಕೋ ಎಂದು ದೇಹಕ್ಕೆ ಕಲಿಸುವುದು ಲಸಿಕೆಯೊಂದೇ. ಪುಷ್ಯ ನಕ್ಷತ್ರದ ದಿನ ಸ್ವರ್ಣಪ್ರಾಶನಕ್ಕೆ ಮಕ್ಕಳನ್ನು ಕರೆತರುವವರು ಅನೇಕರಿದ್ದಾರೆ. ಕಾಶ್ಯಪಸಂಹಿತೆಯಲ್ಲಿ ಹೇಳಿರುವ ಈ ಕ್ರಮವನ್ನು ನಾವೂ ನಡೆಸುತ್ತೇವೆ. ಅದು ಲಸಿಕೆಯ ಬದಲಿಗಲ್ಲ. ಇಂಪ್ಲಾಂಟ್ ಇರುವ ಮಗುವಿನ ತಾಯಿ ಕಾರ್ಡನ್ನು ನೋಡದೆ ಈಗ ನಾವು ಹನಿ ಹಾಕುವುದಿಲ್ಲ. ಶಸ್ತ್ರಕ್ರಿಯೆಯ ದಿನ ಗೊತ್ತಾದ ಮೇಲೆ, ನಾವು ಕೊಟ್ಟಿರುವುದೂ ಸೇರಿದಂತೆ ಮಗು ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಔಷಧವನ್ನೂ ಶಸ್ತ್ರವೈದ್ಯರ ಮುಂದೆ ಇಡಬೇಕು, ಮುಚ್ಚಿಡಬಾರದು.

ಕಪ್ಪತಗುಡ್ಡದ ಬೇರುನಾರುಗಳಿಂದ ಹುಟ್ಟುಗಿವುಡು ವಾಸಿಮಾಡುತ್ತೇವೆಂದು ಹೇಳುವವರು ನಮ್ಮ ಭಾಗದಲ್ಲಿ ಉಂಟು. ಆ ಗುಡ್ಡದ ಗಿಡಮೂಲಿಕೆಗಳನ್ನು ನಾಲ್ಕು ದಶಕ ಬಳಸಿದವರು ನಾವು. ಅವುಗಳ ಮೇಲೆ ನಮಗಿರುವ ಗೌರವ ಕಡಿಮೆಯದಲ್ಲ. ಆದರೆ ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬಾಲ್ಯದ, ಮುಪ್ಪಿನ ಮತ್ತು ಬಹುಕಾಲದ ಬಾಧಿರ್ಯ ಚಿಕಿತ್ಸೆಗೆ ಬಗ್ಗದ್ದೆಂದು ನಮ್ಮ ಪ್ರಾಚೀನರೇ ಎಣಿಸಿದ್ದಾರೆ. ಅವರು ಕೈಚೆಲ್ಲಿದ್ದನ್ನು ಇವರು ಸಾವಿರಾರು ರೂಪಾಯಿ ಪಡೆದು ಗುಣಪಡಿಸುವೆವೆಂದರೆ ನಂಬಬಾರದು. ಹಣಕ್ಕಿಂತ ಮಗುವಿನ ವಯಸ್ಸು ಹೋಗುತ್ತದೆ. ಶಬ್ದವನ್ನು ಅರಿಯಲು ಮೆದುಳು ಸಿದ್ಧವಾಗಿರುವುದು ಮೊದಲ ಕೆಲವು ವರ್ಷ ಮಾತ್ರ. ಆ ಮೇಲೆ ಸಾಧನ ಕೂರಿಸಿದರೂ ಶಬ್ದ ಕೇಳಿಸೀತು, ಮಾತು ಹತ್ತುವುದು ಕಷ್ಟ.

ವಯಸ್ಸು ಕಳೆದ ಒಂದು ಪ್ರಸಂಗದಲ್ಲಿ ತಪ್ಪು ನಮ್ಮದೇ. ೧೯೯೬ರ ಸುಮಾರಿಗೆ ಬೆಟಗೇರಿಯ ನೇಕಾರ ಕುಟುಂಬದವರು ಒಂದೂವರೆ ವರ್ಷದ ಹೆಣ್ಣುಮಗುವನ್ನು ತಂದರು. ಇನ್ನೂ ಒಂದು ಮಾತೂ ಇಲ್ಲ. ಅಜ್ಜಿ ಹೆಮ್ಮೆಯಿಂದ ಹೇಳಿದಳು: “ಬಾಳ ಶಾಂತ ಕೂಸ್ರಿ. ಮಗ್ಗ ದಡದಡ ಅಂತಿದ್ರೂ ಮಗ್ಗಲದಾಗ ನಿದ್ದಿ ಮಾಡ್ತೈತಿ.” ನೇಕಾರರ ಮನೆಯ ಮಕ್ಕಳಿಗೆ ಮಗ್ಗದ ಸದ್ದು ರೂಢಿಯಾಗಿರುತ್ತದೆಂದು ನಾವೂ ನಕ್ಕೆವು. ಮಗುವಿನ ಅಜ್ಜನೂ ತಡವಾಗಿ ಮಾತು ಕಲಿತವನೆಂದು ಕೇಳಿ, ಅದು ವಂಶದ ಗುಣವೆಂದು ಹೇಳಿ ಬ್ರಾಹ್ಮೀಘೃತ ಕೊಟ್ಟು ಕಳಿಸಿದೆವು. ಹಿಂದೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಲಿಲ್ಲ. ಮತ್ತೆ ಬಂದಾಗ ಮಗುವಿಗೆ ನಾಲ್ಕೂವರೆ ವರ್ಷ. ಆ ಕಾಲಕ್ಕೆ ಇಂಪ್ಲಾಂಟ್ ಅವರ ಕೈಗೆ ಎಟುಕುತ್ತಿರಲಿಲ್ಲ ನಿಜ. ಆದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ೧೯೬೦ರ ದಶಕದಿಂದಲೂ ಇತ್ತು. ಶ್ರವಣಯಂತ್ರ ಹಾಕಿ ಮಾತಿನ ತರಬೇತಿ ಕೊಡುವವರು ಅಲ್ಲಿದ್ದರು. ಮೂರು ವರ್ಷ ಮೊದಲೇ ಕಳಿಸಬಹುದಿತ್ತು. ಆಕೆ ಈಗ ಗೃಹಿಣಿ, ಹೊಲಿಗೆಯಲ್ಲಿ ನಿಪುಣೆ. ಬೀದಿಯಲ್ಲಿ ಕಂಡರೆ ಕೈಮುಗಿದು ನಗುತ್ತಾಳೆ. ನಾವು ಕುಶಲ ಕೇಳಿದರೆ ಆಕೆಯ ಮಗ ಕೈಸನ್ನೆಯಲ್ಲಿ ಅದನ್ನು ತಾಯಿಗೆ ಹೇಳುತ್ತಾನೆ.

ನಮ್ಮ ಊರಿನ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಹುಟ್ಟುಕುರುಡು ಮಗುವಿನ ದಾರಿ ಗದಗಿನ ಪ್ರತಿಯೊಂದು ಮನೆಗೂ ಗೊತ್ತು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ೨೦೧೦ರವರೆಗೆ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮಕ್ಕೆ ಬಿಟ್ಟು ಬನ್ನಿ ಎಂದು ದಾರಿಹೋಕನೂ ಹೇಳುತ್ತಾನೆ. ಕಣ್ಣಿಲ್ಲದವರಿಗೆ ಕಿವಿಯ ಮೂಲಕ ಬಾಳು ಕೊಟ್ಟ ಊರು ಇದು. ಕಿವಿಯಿಲ್ಲದ ಮಗುವನ್ನು ಎಲ್ಲಿಗೆ ಒಯ್ಯಬೇಕೆಂದು ಕೇಳಿದರೆ ಅದೇ ದಾರಿಹೋಕ ಸುಮ್ಮನಾಗುತ್ತಾನೆ. ದಾರಿ ಹೀಗಿದೆ: ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಸಂಶಯ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ. ಅದರಿಂದ ಪ್ರಯೋಜನವಾಗದಿದ್ದರೆ ಇಂಪ್ಲಾಂಟಿನ ವಿಚಾರ. ಲಕ್ಷಗಟ್ಟಲೆ ಬೆಲೆಯ ಈ ಸಾಧನವನ್ನು ಬಡ ಕುಟುಂಬದ ಚಿಕ್ಕ ಮಕ್ಕಳಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿಯೂ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲಿಯೂ ಉಚಿತವಾಗಿ ಒದಗಿಸುತ್ತಾರೆ. ವಯಸ್ಸಿನ ಮಿತಿ ಇದೆ; ತಡಮಾಡಿದರೆ ಅರ್ಹತೆಯೇ ಹೋಗುತ್ತದೆ. ಆಶಾ ಕಾರ್ಯಕರ್ತೆಯನ್ನಾಗಲಿ, ಗದಗಿನ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗವನ್ನಾಗಲಿ ವಿಚಾರಿಸಿದರೆ ಮುಂದಿನದನ್ನು ತಿಳಿಸುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ದಂಪತಿಗಳು ಇದನ್ನು ಇನ್ನಷ್ಟು ಗಮನದಿಂದ ಓದಬೇಕು. ಹುಟ್ಟುಗಿವುಡು ಅನೇಕ ವೇಳೆ ವಂಶವಾಹಿಯ ದೋಷದಿಂದ ಬರುತ್ತದೆ; ಒಂದೇ ಬಗೆಯ ದೋಷವನ್ನು ಗುಪ್ತವಾಗಿ ಹೊತ್ತ ಇಬ್ಬರು ಕೂಡುವ ಸಂಭವ ರಕ್ತಸಂಬಂಧದಲ್ಲಿ ಹೆಚ್ಚು.

ಶಿವಾನುಭವಕ್ಕೆ ಬಂದಿದ್ದ ಆ ತಾಯಿ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಹೊರಡುವ ಹೊತ್ತಿಗೆ ಸೆರಗಿನ ಮರೆಯಲ್ಲಿ ಮಲಗಿದ್ದ ಇನ್ನೊಂದು ಕೂಸು ಕಂಡಿತು; ನಾಲ್ಕು ತಿಂಗಳ ಗಂಡುಮಗು. ಇವನ ಕಿವಿಯ ಪರೀಕ್ಷೆ ಆಯಿತೇ ಎಂದು ಕೇಳಿದೆವು. ಅಕ್ಕನಿಗಾಗಿ ಮೂರು ವರ್ಷ ಆಸ್ಪತ್ರೆ ಸುತ್ತಿದ ಆಕೆಗೆ ತಮ್ಮನ ಕಿವಿಯ ನೆನಪೇ ಬಂದಿರಲಿಲ್ಲ. ಎರಡು ಚೀಟಿ ಬರೆದುಕೊಟ್ಟೆವು: ಒಂದು ಹುಡುಗಿಯ ಲಸಿಕೆಗೆ, ಒಂದು ಕೂಸಿನ ತಪಾಸಣೆಗೆ. ಈ ಲೇಖನ ಮುಗಿಸುವ ಹೊತ್ತಿಗೆ ಫೋನ್ ಬಂತು. “ಹುಡುಗಿಗೆ ಆ ಸೂಜಿ ಹಾಕ್ಸಿದ್ವಿ ಡಾಕ್ಟ್ರ. ಸಣ್ಣಾವನ್ನ ಮಶಿನ್ ಹಚ್ಚಿ ನೋಡಿದ್ರು, ಒಂದ್ ಕಿವಿ ಚಲೋ ಐತೆಂತ, ಇನ್ನೊಂದರದು ಬರೂ ಸೋಮವಾರ ಮತ್ತ ನೋಡ್ತೀವಿ ಅಂದಾರ.”